ಶಿವರಾತ್ರಿ ದಿನ ಮಟನ್ ಅಂಗಡಿಯ ಕಟ್ಟೆ

ಹೆಲ್ತ್ ಇನ್‌ಸ್ಪೆಕ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗೊಮ್ಮೆ ಈಗೊಮ್ಮೆ ನನ್ನ ಮನೆಗೆ ಬರುತ್ತಾರೆ. ರವೀಂದ್ರನಗರದಲ್ಲಿ ನನ್ನ ಮನೆ ಹುಡುಕುವುದು ಸುಲಭ. ಚರಂಡಿ ಕಟ್ಟಿಕೊಂಡು ನೀರು ನಿಂತಿರುವ ಜಾಗದಲ್ಲಿ ನಿಂತು, ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್ ಮನೆ ಯಾವುದು ಎಂದು ಕೇಳಿದರೆ ಯಾರು ಬೇಕಾದರೂ ನಗುತ್ತಾ ತೋರಿಸುತ್ತಾರೆ. ಬಂದವರು ಕಾಫಿ ಕುಡಿಯುವಷ್ಟರಲ್ಲಿ ಕೇಳುವುದು ಪ್ರಮೋಷನ್ ಬಗ್ಗೆ. ಅದರ ಬಗ್ಗೆ ನನಗೇನೂ ಗೊತ್ತಿಲ್ಲ. ನನಗೆ ಗೊತ್ತಿರುವುದು ನೊಣ, ಸೊಳ್ಳೆ, ಬೀದಿನಾಯಿ, ಮಟನ್ ಅಂಗಡಿ ಮತ್ತು ಮೇಲಧಿಕಾರಿಗಳು. ಈ ಪೈಕಿ ಕೊನೆಯದಕ್ಕೆ ಔಷಧಿ ಹೊಡೆಯುವ ಹಾಗಿಲ್ಲ.

ಪರೀಕ್ಷೆಗೆ ಓದುವ ಪುಸ್ತಕದಲ್ಲಿ ಮಾಂಸ ನಿಷೇಧದ ದಿನಗಳ ಬಗ್ಗೆ ಎರಡು ಸಾಲು ಇರಬಹುದು. ಮಹಾಶಿವರಾತ್ರಿ, ಶ್ರೀರಾಮನವಮಿ, ಮಹಾವೀರ ಜಯಂತಿ, ಗಾಂಧಿ ಜಯಂತಿ, ಹೀಗೆ ವರ್ಷದಲ್ಲಿ ಕೆಲವು ದಿನ ಊರಿನಲ್ಲಿ ಪ್ರಾಣಿವಧೆ ಮತ್ತು ಮಾಂಸ ಮಾರಾಟ ಕೂಡದು ಎಂದು ಆದೇಶ ಬರುತ್ತದೆ. ಆ ದಿನ ಊರವರು ಉಪವಾಸ ಮಾಡುತ್ತಾರೋ ಬಿಡುತ್ತಾರೋ, ಹೆಲ್ತ್ ಇನ್‌ಸ್ಪೆಕ್ಟರಂತೂ ಉಪವಾಸವೇ, ಏಕೆಂದರೆ ಊಟಕ್ಕೆ ಕೂರಲು ಬಿಡುವು ಸಿಗುವುದಿಲ್ಲ. ಆ ಎರಡು ಸಾಲಿನ ಹಿಂದೆ ಏನೇನು ನಡೆಯುತ್ತದೆ ಎಂದು ಯಾರೂ ಬರೆಯದ ಕಾರಣ ನಾನು ಬರೆಯುತ್ತಿದ್ದೇನೆ.

ನಮ್ಮದು ಶಿವಭಕ್ತರ ಮನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನಾನು ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟಿದವನಲ್ಲ. ಇಂಥವನಿಗೆ ಸರ್ಕಾರ ಹಚ್ಚಿದ ಕೆಲಸ ಎಂದರೆ ಬೆಳ್ಳಂಬೆಳಿಗ್ಗೆ ಕಸಾಯಿಖಾನೆಗೆ ಹೋಗಿ ನಿಲ್ಲುವುದು, ಕುರಿಗೆ ಕಾಯಿಲೆ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ ಮಾಂಸಕ್ಕೆ ನೀಲಿ ಮುದ್ರೆ ಒತ್ತಿಸುವುದು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುಶೀಲ ನನ್ನ ಬೆರಳಿನ ನೀಲಿ ಬಣ್ಣ ನೋಡಿ, ಆಫೀಸಿನಲ್ಲಿ ಪಾಪ ಎಷ್ಟು ಬರೆಯುತ್ತಾರೋ ಎಂದು ಮರುಗಿದ್ದಳು. ನಿಜ ತಿಳಿದ ದಿನದಿಂದ ಬಚ್ಚಲುಮನೆಯಲ್ಲಿ ನನಗೊಂದು ಬೇರೆ ಸೋಪು ಬಂತು.

ತೊಂಬತ್ತರ ದಶಕದ ಆರಂಭದಲ್ಲಿ ಶಿವಮೊಗ್ಗದಲ್ಲಿದ್ದಾಗ ನಿಷೇಧ ಎಂದರೆ ಅರಗಿನ ಸೀಲು. ಹಿಂದಿನ ದಿನ ಸಂಜೆ ಕಸಾಯಿಖಾನೆಯ ಬಾಗಿಲಿಗೆ ಬೀಗ ಜಡಿದು, ಬೀಗಕ್ಕೆ ಬಟ್ಟೆ ಸುತ್ತಿ, ಅರಗು ಕರಗಿಸಿ ಸುರಿದು, ಮೇಲೆ ಕಚೇರಿಯ ಮೊಹರು ಒತ್ತಬೇಕು. ನನ್ನ ಮೊದಲ ಶಿವರಾತ್ರಿಗೆ ಇದನ್ನೆಲ್ಲ ಎಷ್ಟು ಭಕ್ತಿಯಿಂದ ಮಾಡಿದೆನೆಂದರೆ ಜೊತೆಗಿದ್ದ ಜವಾನ ಕೈ ಮುಗಿಯುವುದೊಂದು ಬಾಕಿ. ಬೆಳಿಗ್ಗೆ ನೋಡಿಕೊಂಡು ಬರೋಣವೆಂದು ಹೋದರೆ ಒಳಗಿನಿಂದ ಬ್ಯಾ ಎಂಬ ಶಬ್ದ. ಒಂದಲ್ಲ, ಒಂದು ಹಿಂಡು. ಯಾರೋ ವ್ಯಾಪಾರಿ ಶಿವರಾತ್ರಿಯ ಮರುದಿನಕ್ಕೆಂದು ಕುರಿಗಳನ್ನು ಒಳಗೆ ಕೂಡಿ ಟೀ ಕುಡಿಯಲು ಹೋಗಿದ್ದ, ನಾನು ಒಳಗೆ ಇಣುಕದೆ ಸೀಲು ಮಾಡಿದ್ದೆ.

ಓಡಿಹೋಗಿ ನಮ್ಮ ಆರೋಗ್ಯಾಧಿಕಾರಿಯವರಿಗೆ ಹೇಳಿದೆ. ಅವರು ಡಾಕ್ಟರು, ಬಹಳ ನಿಧಾನದ ಮನುಷ್ಯ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಆದೇಶದ ಅವಧಿ ಮುಗಿಯೋವರೆಗೂ ಸೀಲ್ ಒಡೆಯೋ ಹಾಗಿಲ್ಲ ರುದ್ರಪ್ಪ. ನಿಮಗೂ ಅಧಿಕಾರ ಇಲ್ಲ, ನನಗೂ ಇಲ್ಲ."

"ಕುರಿ ಸತ್ತುಹೋದ್ರೆ ಸಾರ್?"

"ಹಾಗೇನಾದ್ರೂ ಆದ್ರೆ ನಿಷೇಧದ ದಿನ ಪ್ರಾಣಿವಧೆ ಮಾಡಿದ ಮೊದಲ ಆರೋಗ್ಯ ನಿರೀಕ್ಷಕ ನೀವೇ ಆಗ್ತೀರಿ."

ಆ ಶಿವರಾತ್ರಿ ಇಡೀ ದಿನ ನಾನು ಕಸಾಯಿಖಾನೆಯ ಗೋಡೆಗೆ ಏಣಿ ಹಾಕಿ ಕೂತಿದ್ದೆ. ಪೌರಕಾರ್ಮಿಕರೊಬ್ಬರು ರಾಗಿಗುಡ್ಡದ ಕಡೆಯಿಂದ ಹಲಸಿನ ಸೊಪ್ಪು ತಂದುಕೊಟ್ಟರು. ಅದನ್ನು ಕಟ್ಟುಕಟ್ಟಾಗಿ ಒಳಗೆ ಎಸೆದೆ, ಪೈಪಿನಲ್ಲಿ ನೀರು ಬಿಟ್ಟೆ. ಸಂಜೆ ಡಾಕ್ಟರು ಬಂದು ಏಣಿಯ ಕೆಳಗೆ ನಿಂತು, "ಉಪವಾಸ ಇದ್ದು ಮೂಕಪ್ರಾಣಿಗಳಿಗೆ ಮೇವು ಹಾಕಿದ್ದೀರಿ. ಇದಕ್ಕಿಂತ ಪುಣ್ಯ ಬೇಕಾ?" ಎಂದರು. ಮರುದಿನ ಆ ಕುರಿಗಳನ್ನೆಲ್ಲ ಕೊಯ್ದರು, ಮುದ್ರೆ ಒತ್ತಿಸಿದವನೂ ನಾನೇ. ಪುಣ್ಯದ ವಿಷಯ ಅಲ್ಲಿಗೆ ಬಿಟ್ಟೆ.

ಮುಂದೆ ಅರಗು ಹೋಗಿ ಮೈಕು ಬಂತು. ಆಟೋಗೆ ಮೈಕು ಕಟ್ಟಿಕೊಂಡು "ಸಾರ್ವಜನಿಕರ ಗಮನಕ್ಕೆ" ಎಂದು ಬೀದಿಬೀದಿ ಸುತ್ತಬೇಕು. ಪ್ರಕಟಣೆ ಕೇಳಿದ ಜನ ಎಚ್ಚೆತ್ತುಕೊಂಡು ಹಿಂದಿನ ದಿನವೇ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು. ನಿಷೇಧದ ಹಿಂದಿನ ದಿನದಷ್ಟು ಮಾಂಸ ವ್ಯಾಪಾರ ಬೇರೆ ಯಾವ ದಿನವೂ ಆಗುತ್ತಿರಲಿಲ್ಲ. ಮರೆತವರಿಗೆ ಆಯನೂರು ಇತ್ತು. ನಮ್ಮ ಆದೇಶ ನಮ್ಮ ಊರಿನ ಗಡಿಯವರೆಗೆ, ಆಯನೂರು ಅದರಾಚೆ. ನಿಷೇಧದ ದಿನ ಬೆಳಿಗ್ಗೆ ಆ ಕಡೆ ಹೋಗುವ ಬಸ್ಸಿನಲ್ಲಿ ಖಾಲಿ ಚೀಲ ಹಿಡಿದು ಕೂತವರನ್ನು ನೋಡಿದರೆ ಆಯನೂರಿನಲ್ಲಿ ಏನೋ ದೊಡ್ಡ ಸಮಾರಂಭ ಇದೆ ಎನ್ನಿಸಬೇಕು. ಒಮ್ಮೆ ಆ ಬಸ್ಸು ಹತ್ತಿ ಇಣುಕಿದೆ. ಎದುರಿನ ಸೀಟಿನಲ್ಲಿ ನಮ್ಮದೇ ಆಫೀಸಿನ ಗುಮಾಸ್ತ. ಆದೇಶವನ್ನು ಟೈಪ್ ಮಾಡಿದವನೇ ಅವನು. "ನೆಂಟ್ರ ಮನೆಗೆ ಹೊಂಟಿದ್ದೆ ಸಾರ್" ಎಂದು ಚೀಲವನ್ನು ಕುಂಡೆಯ ಕೆಳಗೆ ಸೇರಿಸಿದ. ನಾನು ಇಳಿದುಬಂದೆ.

ಆಮೇಲೆ ನನ್ನನ್ನು ಭದ್ರಾವತಿಗೆ ಹಾಕಿದರು. ಶಿವಮೊಗ್ಗದ ಮನೆ ಬಿಡಲಿಲ್ಲ, ಸ್ಕೂಟರಿನಲ್ಲಿ ದಿನಾ ಓಡಾಟ. ಭದ್ರಾವತಿ ಎಂದರೆ ಕಾರ್ಖಾನೆಯ ಸೈರನ್ನು, ಪಾಳಿ ಮುಗಿಸಿ ಹಸಿದು ಬರುವ ಜನ, ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು. ಬೆಂಕಿಯ ಮುಂದೆ ನಿಂತು ಕೆಲಸ ಮಾಡಿ ಬಂದವನಿಗೆ ಇವತ್ತು ಮಾಂಸ ಇಲ್ಲ ಎಂದು ಹೇಳಲು ಧೈರ್ಯ ಬೇಕು. ನನಗೆ ಅಷ್ಟು ಧೈರ್ಯ ಇರಲಿಲ್ಲ, ಮೈಕ್ ಇತ್ತು.

ಅಲ್ಲಿನ ಮೊದಲ ಶಿವರಾತ್ರಿಗೆ ಬೀಗದ ಚೀಲ ಹಿಡಿದು ಅಂಗಡಿ ಸಾಲಿಗೆ ಹೋದೆ. ಅರ್ಧ ಬಾಗಿಲು ತೆರೆದವರು, ಹಿಂಬಾಗಿಲಲ್ಲಿ ಕೊಡುವವರು, ಕೋಳಿಯನ್ನು ಬುಟ್ಟಿಯಡಿ ಮುಚ್ಚಿ ಮೇಲೆ ತಾನೇ ಕೂತವರು, ಎಲ್ಲ ಇದ್ದರು. ಒಂದು ಅಂಗಡಿ ಮಾತ್ರ ಪೂರ್ತಿ ಮುಚ್ಚಿತ್ತು. ಮರದ ದಿಮ್ಮಿ, ಕೊಕ್ಕೆ ಎಲ್ಲವನ್ನೂ ತೊಳೆದು ಬೋರಲು ಹಾಕಿ, ಮುಂದಿನ ಕಟ್ಟೆಯ ಮೇಲೆ ಮಾಲೀಕ ಕೂತಿದ್ದ. ಸ್ನಾನ ಮಾಡಿದ ಮುಖ, ಒಗೆದ ಅಂಗಿ, ಹೆಗಲಿಗೆ ಟವೆಲ್. ಹೆಸರು ದುರ್ಗಪ್ಪ. ದೊಡ್ಡ ಆಳು, ಮಾತು ಮೆತ್ತಗೆ.

"ಬೀಗ ತಂದೀರಾ ಮಾರಾಯ್ರೆ? ನಮ್ ತಾವ ನಿಮ್ಗೆ ಕೆಲ್ಸ ಇಲ್ಲ ಇವತ್ತು. ಕೂತ್ಕಳಿ, ಬಿಸಿಲು" ಎಂದು ಜಾಗ ಬಿಟ್ಟ.

ಕೂತೆ. ಎಳನೀರು ತರಿಸಿದ. ಜೊತೆಯವರಿಗೆ ಹಂಚಲೆಂದು ಸುಶೀಲ ದೇವರಿಗೆ ತೋರಿಸಿ ಡಬ್ಬಿಯಲ್ಲಿ ಹಾಕಿಕೊಟ್ಟಿದ್ದ ತಂಬಿಟ್ಟು ಚೀಲದಲ್ಲಿತ್ತು. ಶಿವರಾತ್ರಿಗೆ ನಮ್ಮಲ್ಲಿ ಮಾಡುವುದು ಅದನ್ನೇ, ಹುರಿದ ಹಿಟ್ಟಿಗೆ ಬೆಲ್ಲ, ಕೊಬ್ಬರಿ, ಎಳ್ಳು ಹಾಕಿ ಕಟ್ಟಿದ ಉಂಡೆ. ನಾನು ಉಪವಾಸ, ಎಳನೀರು ಕುಡಿದ ಋಣಕ್ಕೆ ಅವನಿಗೆ ಒಂದು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡ, ಟವೆಲಿನ ತುದಿಗೆ ಗಂಟು ಹಾಕಿಟ್ಟುಕೊಂಡ. ಮನೆಯಲ್ಲಿ ಮೊಮ್ಮಕ್ಕಳು ಇರಬೇಕು ಎಂದುಕೊಂಡು ನಾನು ಮುಂದಿನ ಅಂಗಡಿಯ ಕೋಳಿಬುಟ್ಟಿ ಎತ್ತಿಸಲು ಎದ್ದೆ.

ಅಲ್ಲಿಂದ ಮುಂದೆ ಪ್ರತಿ ಶಿವರಾತ್ರಿಯೂ ಹೀಗೆಯೇ. ನಾನು ಹೋಗುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು, ದುರ್ಗಪ್ಪ ಕಟ್ಟೆಯ ಮೇಲಿರುತ್ತಿದ್ದ, ಒಂದು ತಂಬಿಟ್ಟು ಟವೆಲಿನ ಗಂಟು ಸೇರುತ್ತಿತ್ತು. ಆಫೀಸಿನ ಮೀಟಿಂಗಿನಲ್ಲಿ ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ: "ಬಿಗಿ ಮಾಡಿದ್ರೆ ಯಾರೂ ಬಾಲ ಬಿಚ್ಚಲ್ಲ ಸಾರ್. ಆ ದುರ್ಗಪ್ಪನ ಅಂಗಡಿ ನೋಡಿ. ನನ್ನ ಸ್ಕೂಟರ್ ಸದ್ದು ಕೇಳಿದ್ರೆ ಸಾಕು." ನನ್ನ ಸ್ಕೂಟರಿನ ಸದ್ದಿಗೆ ಬೀದಿನಾಯಿ ಕೂಡ ಎದ್ದು ಹೋಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಕೆಲವು ವರ್ಷಗಳ ಮೇಲೆ ಹೊಸ ಕಮಿಷನರ್ ಬಂದರು. ವಯಸ್ಸು ಚಿಕ್ಕದು, ಹುರುಪು ದೊಡ್ಡದು. ಬಂದ ವಾರವೇ ನನ್ನನ್ನು ಕರೆಸಿ, "ಮೊಟ್ಟೆ ಮಾಂಸಾನಾ, ಅಲ್ವಾ?" ಎಂದು ಕೇಳಿದರು. "ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಸಾರ್" ಎಂದೆ. "ಅದೇ ನಮ್ಮ ಇಲಾಖೆಯ ಕಾಯಿಲೆ" ಎಂದರು. ಹಳೆಯ ಆದೇಶದಲ್ಲಿ ವಧೆ ಮತ್ತು ಮಾರಾಟ ಎಂದು ಮಾತ್ರ ಇತ್ತು. ಇವರು ತಮ್ಮ ಕೈಯಿಂದ ಸಾಗಣೆ ಮತ್ತು ಸಂಗ್ರಹ ಎಂದೂ ಸೇರಿಸಿದರು. ಅಂದರೆ ನಿಷೇಧದ ದಿನ ಕೈಯಲ್ಲಿ ಮಾಂಸದ ಚೀಲ ಹಿಡಿದು ನಡೆದರೂ ತಪ್ಪು. ಸಿಕ್ಕಿಬಿದ್ದ ಅಂಗಡಿಯವರ ಲೈಸೆನ್ಸ್ ರದ್ದು. ಜೀಪು ತೆಗೆದುಕೊಂಡು ತಾವೇ ಸುತ್ತುತ್ತೇನೆ ಎಂದೂ ಹೇಳಿದರು, ಸುತ್ತಿದರು ಕೂಡ.

ಅವರು ಬಂದ ಮೇಲಿನ ಮೊದಲ ಶಿವರಾತ್ರಿಗೆ ಇನ್ನೂ ಹತ್ತು ದಿನ ಇರುವಾಗ ದುರ್ಗಪ್ಪ ತೀರಿಕೊಂಡ. ಬೆಳಿಗ್ಗೆ ಅಂಗಡಿ ತೆರೆಯಲು ಬಂದವನು ಕಟ್ಟೆಯ ಮೇಲೆ ಕೂತ, ಏಳಲಿಲ್ಲ. ನನಗೆ ಸುದ್ದಿ ತಿಳಿದಾಗ ಮಣ್ಣು ಮಾಡಿ ಆಗಿತ್ತು. ಮನೆಗೆ ಹೋಗಿ ಬಂದೆ. ಹೆಂಡತಿ ಗಂಗಮ್ಮ ಬಾಗಿಲಿಗೆ ಒರಗಿ ಕೂತಿದ್ದರು. ಅಂಗಡಿಯ ಲೈಸೆನ್ಸ್ ನಿಮ್ಮ ಹೆಸರಿಗೆ ಮಾಡಿಸಿಕೊಡ್ತೀನಿ, ಅರ್ಜಿ ಕೊಡಿ ಎಂದೆ. ಸಾವಿನ ಮನೆಯಲ್ಲಿ ಆಡುವ ಮಾತಲ್ಲ, ಆದರೆ ಕೆಲಸಕ್ಕೆ ಬರುವ ಮಾತು ಅದೊಂದೇ ನನ್ನ ಹತ್ತಿರ ಇತ್ತು. ಆಕೆಗೆ ಬದುಕಲು ಆ ಅಂಗಡಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ.

ಅರ್ಜಿ ಕಮಿಷನರ ಮೇಜಿಗೆ ಹೋಯಿತು. ಅವರು ನೋಡಿ ಪಕ್ಕಕ್ಕಿಟ್ಟರು. "ಶಿವರಾತ್ರಿ ಕಳೀಲಿ ರುದ್ರಪ್ಪ. ಹೇಗೆ ನಡ್ಕೋತಾರೆ ನೋಡಿ ಸೈನ್ ಮಾಡೋಣ."

ಎರಡು ದಿನದ ಮೇಲೆ ಗಂಗಮ್ಮ ಆಫೀಸಿಗೆ ಬಂದರು. ಒಳಗೆ ಬರದೆ ಬೇವಿನ ಮರದ ಕೆಳಗೆ ನಿಂತು ನನ್ನನ್ನು ಕರೆಸಿದರು. ಸೆರಗಿನ ತುದಿ ತಿರುವುತ್ತಾ ಹೇಳಿದರು: "ಸಾರ್, ಹನ್ನೊಂದನೇ ದಿನದ ಕಾರ್ಯ ಶಿವರಾತ್ರಿ ದಿನಾನೇ ಬಂದೈತೆ. ಎಡೆಗೆ ಅವರಿಗಿಷ್ಟದ್ದು ಇಡಬೇಕು. ಅದು ನಿಮ್ಮಿಂದ್ಲೇ ಆಗ್ಬೇಕು. ಕೇಳಾಕೆ ನಂಗೆ ನಾಚ್ಕೆ..."

ಹನ್ನೊಂದನೆಯ ದಿನ ಬಾಳೆ ಎಲೆಯ ಮೇಲೆ ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಡಿಸಿಡುವುದು ಅವರಲ್ಲಿ ಪದ್ಧತಿ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಜೀವಕ್ಕೆ ತೃಪ್ತಿಯಾಗಿಲ್ಲ ಎಂದು ಅರ್ಥ, ಮನೆಯವರು ಅಳುತ್ತಾ ಕೂರುತ್ತಾರೆ. ಗಂಗಮ್ಮ ಮಾತು ಮುಗಿಸುವ ಮೊದಲೇ ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಊರಿಗೆಲ್ಲ ಮಟನ್ ತಿನ್ನಿಸಿದ ಮನುಷ್ಯ, ಅವನ ಎಡೆಗೇ ಮಟನ್ ಇಲ್ಲ. ಇದೆಂಥ ಅನ್ಯಾಯ ಎನ್ನಿಸಿತು.

"ನೀವೇನೂ ಹೇಳ್ಬೇಡಿ ಗಂಗಮ್ಮ. ನಂಗೆ ಗೊತ್ತಾಯ್ತು. ಬೆಳಿಗ್ಗೆ ನಾನೇ ತಂದ್ಕೊಡ್ತೀನಿ. ಯಾರ ಹತ್ರಾನೂ ಬಾಯಿ ಬಿಡಬೇಡಿ."

"ಅಲ್ಲ ಸಾರ್, ಮನೇಲಿ ಅಮ್ಮೋರಿಗೆ ತೊಂದ್ರೆ..."

"ಅವಳಿಗೆ ಗೊತ್ತಾಗ್ದಂಗೆ ತರ್ತೀನಿ" ಎಂದೆ. ಗಂಗಮ್ಮ ನನ್ನ ಮುಖವನ್ನೇ ವಿಚಿತ್ರವಾಗಿ ನೋಡಿದರು. ಕೃತಜ್ಞತೆ ಇರಬೇಕು ಎಂದುಕೊಂಡೆ.

ಶಿವರಾತ್ರಿಯ ಹಿಂದಿನ ಮಧ್ಯಾಹ್ನ ದುರ್ಗಪ್ಪನ ಪಕ್ಕದ ಅಂಗಡಿಯ ಸೆಲ್ವರಾಜನ ಹತ್ತಿರ ಹೋದೆ. ದುರ್ಗಪ್ಪನ ಕೈಯಲ್ಲೇ ಕಸುಬು ಕಲಿತವನು. "ನಿಮ್ಮಣ್ಣನ ಎಡೆಗೆ ಒಳ್ಳೇ ಮಟನ್ ಕೊಡು" ಎಂದೆ.

"ಅಣ್ಣಂಗೆ ಮಟನ್ನಾ ಸಾರ್?" ಎಂದು ಅವನು ಕತ್ತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ.

"ಹೆಚ್ಚಿಗೆ ಮಾತಾಡ್ಬೇಡ. ಕೇಳಿದ್ದು ಕೊಡು."

ಕೊಟ್ಟ. ದುಡ್ಡು ಮುಟ್ಟಲಿಲ್ಲ. ಆಫೀಸಿನ ಮೂಲೆಯಲ್ಲಿ ಹಿಡಿ ಮುರಿದು ಬಿದ್ದಿದ್ದ ಹಳೆಯ ಪೋಲಿಯೋ ಲಸಿಕೆ ಡಬ್ಬಿಯೊಂದಿತ್ತು. ಅದನ್ನು ತೊಳೆದು, ಐಸ್ ತುಂಬಿ, ಮಾಂಸದ ಪೊಟ್ಟಣವನ್ನು ಒಳಗಿಟ್ಟೆ. ಸಾಗಣೆ, ಸಂಗ್ರಹ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಸಿಕ್ಕಿಬಿದ್ದರೆ ನನ್ನ ಕೆಲಸದ ಮಾತು ಹಾಗಿರಲಿ, ಗಂಗಮ್ಮನ ಲೈಸೆನ್ಸ್ ಅಲ್ಲಿಗೆ ಮುಗಿಯಿತು. ಆದರೂ ಏನೋ ಒಂದು ಹುಮ್ಮಸ್ಸು.

ಮನೆಯಲ್ಲಿ ಡಬ್ಬಿಯನ್ನು ಎಲ್ಲಿಡುವುದು? ಹಿತ್ತಲಿನಲ್ಲಿ ತಂಪಿರುವ ಜಾಗ ಒಂದೇ, ದೇವರ ಮನೆಯ ಗೋಡೆಯ ಆಚೆ ಬದಿ. ಅಲ್ಲೇ ಇಟ್ಟೆ. ಬೆಳಿಗ್ಗೆ ಗೋಡೆಯ ಈ ಬದಿ ನಾನು ಲಿಂಗಪೂಜೆಗೆ ಕೂತಿದ್ದೆ, ಆ ಬದಿ ಸೆಲ್ವರಾಜನ ಮಟನ್ ಐಸಿನ ಮೇಲೆ ಕೂತಿತ್ತು. ಶಿವ ಸ್ಮಶಾನದಲ್ಲೇ ಇರುವವನು, ಇಷ್ಟಕ್ಕೆಲ್ಲ ಬೇಸರ ಮಾಡಿಕೊಳ್ಳಲಾರ ಎಂದು ನನಗೆ ನಾನೇ ಹೇಳಿಕೊಂಡೆ. ಸುಶೀಲಳ ಬಗ್ಗೆ ಅಷ್ಟು ಭರವಸೆ ಇರಲಿಲ್ಲ.

"ಹಿತ್ತಲಲ್ಲಿ ಅದೇನ್ರೀ ಡಬ್ಬಿ?" ಎಂದಳು.

"ಲಸಿಕೆ. ಮುಟ್ಟಬೇಡ."

ಅವಳು ನನ್ನ ಹೆಗಲಚೀಲಕ್ಕೆ ತಂಬಿಟ್ಟಿನ ಡಬ್ಬಿ ಹಾಕುತ್ತಾ, "ಪಾಪ, ಆ ದುರ್ಗಪ್ಪಂದೂ ಸೇರಿಸಿ ಕಟ್ಟಿಬಿಟ್ಟಿದ್ದೀನಿ. ಕೈಗೆ ಅಭ್ಯಾಸ ಆಗಿಬಿಟ್ಟಿದೆ" ಎಂದಳು. ಬೀದಿಯಲ್ಲಿ ಯಾರಿಗಾದರೂ ಕೊಡುತ್ತೇನೆ ಎಂದು ಹೊರಟೆ.

ಹಣೆತುಂಬ ವಿಭೂತಿ, ಸ್ಕೂಟರಿನ ಮುಂದೆ ಕಾಲಿನ ನಡುವೆ ಪೋಲಿಯೋ ಡಬ್ಬಿ. ಭದ್ರಾವತಿ ಪೇಟೆ ಮುಟ್ಟಿದ್ದೇ ತಡ, ಮಗುವನ್ನು ಸೊಂಟದ ಮೇಲೆ ಹೊತ್ತ ಹೆಂಗಸೊಬ್ಬಳು ಅಡ್ಡ ಬಂದಳು. "ಸಾರ್ ಸಾರ್, ಹೋದ ಸಲ ನಾವು ಊರಲ್ಲಿರ್ಲಿಲ್ಲ. ಎರಡು ಹನಿ ಹಾಕಿ ಹೋಗಿ ಸಾರ್." ಮಗು ಬಾಯಿ ತೆರೆದೇ ಇತ್ತು. ಇವತ್ತಿಲ್ಲಮ್ಮ ಎಂದರೆ, "ಡಬ್ಬಿ ಇಟ್ಕೊಂಡು ಇಲ್ಲ ಅಂತೀರಲ್ಲ" ಎಂದು ಜೋರಾದಳು. ಪಕ್ಕದ ಮನೆಯವಳೂ ತನ್ನ ಮಗುವನ್ನು ಎತ್ತಿಕೊಂಡು ಬಂದಳು. ಎಷ್ಟೋ ವರ್ಷ ಮನೆಮನೆಗೆ ಹೋಗಿ ಬನ್ರಮ್ಮ, ಹನಿ ಹಾಕಿಸಿ ಎಂದು ಗೋಗರೆದರೂ ಬಾಗಿಲು ಹಾಕಿಕೊಳ್ಳುತ್ತಿದ್ದ ಬೀದಿ ಅದು. ನಮ್ಮ ಪ್ರಚಾರ ಫಲ ಕೊಟ್ಟ ದಿನ ಡಬ್ಬಿಯೊಳಗೆ ಮಟನ್ ಇತ್ತು. ಅವರಿಂದ ಬಿಡಿಸಿಕೊಂಡು, ನಾಳೆ ಆಸ್ಪತ್ರೆಗೆ ಬನ್ನಿ, ನಾನೇ ಹಾಕಿಸಿಕೊಡ್ತೀನಿ ಎಂದು ಮಾತು ಕೊಟ್ಟು ಹೊರಡುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ದುರ್ಗಪ್ಪನ ಮನೆಗೆ ಹೋದರೆ ಆಗಲೇ ಅಂಗಳದಲ್ಲಿ ಎಡೆ ಇಟ್ಟಿದ್ದರು. ಬಾಳೆ ಎಲೆ, ಅನ್ನ, ವಡೆ, ಪಾಯಸ, ಒಂದು ಲೋಟ ಟೀ, ಒಂದು ಕಟ್ಟು ಬೀಡಿ. ಎಲೆಯ ನಟ್ಟನಡುವೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದರು. ನೆಂಟರೆಲ್ಲ ದೂರ ನಿಂತು ಕಾಗೆಯ ದಾರಿ ಕಾಯುತ್ತಿದ್ದರು. ತೆಂಗಿನ ಗರಿಯ ಮೇಲೆ ಕಾಗೆ ಇತ್ತು, ಇಳಿಯುತ್ತಿರಲಿಲ್ಲ. ಗಂಗಮ್ಮನ ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು, "ಬಂದ್ರಾ ಸಾರ್? ಇನ್ನೂ ಬರ್ಲಿಲ್ಲ ಅಂತ ಜೀವ ಹೋಗಿತ್ತು" ಎಂದರು. ಡಬ್ಬಿಯನ್ನು ಅಂಗಳದ ಅಂಚಿಗೆ ಇಳಿಸಿ, ಒಳಗೆ ತಗೊಂಡು ಹೋಗಿ ಬೇಗ ಬೇಯಿಸಿ ಎಂದು ಪಿಸುಗುಟ್ಟಲು ಬಾಯಿ ತೆರೆದೆ. ಅಷ್ಟರಲ್ಲಿ ಜೀಪಿನ ಸದ್ದು.

ಕಮಿಷನರ್ ಇಳಿದರು. ಅವರ ಹಣೆಯಲ್ಲೂ ವಿಭೂತಿ, ಉಪವಾಸಕ್ಕೆ ಮುಖ ಬಾಡಿತ್ತು. ಗುಂಪನ್ನೂ ಎಲೆಯನ್ನೂ ನೋಡಿದರು. "ಏನ್ರೀ ರುದ್ರಪ್ಪ, ನೀವಿಲ್ಲಿ?"

"ತಪಾಸಣೆ ಸಾರ್."

"ಅದೇನು ಡಬ್ಬಿ?"

"ಪೋಲಿಯೋ ಸಾರ್."

"ಶಿವರಾತ್ರಿ ದಿನ ಪೋಲಿಯೋನಾ?"

ಅದೇ ಹೊತ್ತಿಗೆ ಆ ದರಿದ್ರ ಕಾಗೆ ತೆಂಗಿನಮರದಿಂದ ಇಳಿಯಿತು. ಎಲೆಯ ಹತ್ತಿರ ಸುಳಿಯಲಿಲ್ಲ. ನೆಟ್ಟಗೆ ಬಂದು ಪೋಲಿಯೋ ಡಬ್ಬಿಯ ಮೇಲೆ ಕೂತು ಮುಚ್ಚಳವನ್ನು ಕುಕ್ಕತೊಡಗಿತು. ಬೀದಿನಾಯಿಯೊಂದು ಬಂದು ಡಬ್ಬಿಯ ಸುತ್ತ ಮೂಸಿತು. ಕಮಿಷನರು ಕಾಗೆಯನ್ನು ನೋಡಿದರು, ನಾಯಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಇವಕ್ಕೂ ಎರಡೆರಡು ಹನಿ ಬೇಕಂತೆ ನೋಡಿ" ಎಂದರು. "ಮುಚ್ಚಳ ತೆಗೀರಿ."

ಗಂಗಮ್ಮ ಮುಂದೆ ಬಂದರು. "ನಾನು ಹೇಳ್ತೀನಿ ಸಾರ್. ಅದ್ರಾಗೆ ತಂಬಿಟ್ಟೈತೆ."

"ತಂಬಿಟ್ಟಾ?" ಎಂದು ಕೇಳಿದ್ದು ಕಮಿಷನರಲ್ಲ, ನಾನು.

"ಹೂಂ ಸಾರ್. ಇವ್ರ ಮನೆ ಅಮ್ಮೋರು ಕಟ್ಟಿದ್ದು. ನಮ್ಮೋರು ಚಿಕ್ಕೋರಿದ್ದಾಗಿಂದ ಕುರಿ ಕೊಯ್ದು ಕೊಯ್ದು ಮಟನ್ ಬಾಯಿಗೇ ಇಡ್ತಿರ್ಲಿಲ್ಲ. ವಾಸ್ನೆಗೇ ಸಾಕಾಗೋಗೈತೆ ಅಂತಿದ್ರು. ಅವ್ರಿಗಿಷ್ಟ ಅಂದ್ರೆ ವರ್ಷಕ್ಕೊಂದು ಸಿಗೋ ಆ ತಂಬಿಟ್ಟು. ಮೊಮ್ಮಕ್ಳಿಗೂ ಕೊಡ್ತಿರ್ಲಿಲ್ಲ. ಟೀ ಜೊತೆ ಚೂರುಚೂರು ಮುರ್ಕಂಡು ವಾರ ತಿನ್ನೋರು. ಎಡೆಗೆ ಅದನ್ನೇ ಇಡ್ಬೇಕು ಅಂತ ಕೇಳಾಕೆ ಹೋಗಿದ್ದೆ. ದೊಡ್ಡೋರ ಮನೆ ಅಡುಗೆ, ಸಾವಿನ ಕಾರ್ಯಕ್ಕೆ ಹೆಂಗೆ ಕೇಳೋದು ಅಂತ ನಾಚ್ಕೆ. ನಾನು ಬಾಯಿ ಬಿಡೋ ಮುಂಚೆನೇ ಸಾರ್ ಗೊತ್ತಾಯ್ತು ಅಂದ್ರು."

ನಾನು ನಿಂತಲ್ಲೇ ಕುಗ್ಗಿಹೋದೆ. ಆದರೂ ಒಂದು ಮಾತು ಬಾಯಿಂದ ಜಾರಿತು: "ಮತ್ತೆ ಮಟನ್..."

"ಶಿವರಾತ್ರಿ ದಿನ ನಾವೂ ಮಾಂಸ ಮುಟ್ಟಲ್ಲ ಸಾರ್" ಎಂದರು ಗಂಗಮ್ಮ. "ಅಷ್ಟೂ ಗೊತ್ತಿಲ್ವಾ ನಿಮ್ಗೆ?"

ನಾನು ಹೆಗಲಚೀಲದಿಂದ ಸುಶೀಲ ಕಟ್ಟಿಕೊಟ್ಟ ಡಬ್ಬಿ ತೆಗೆದೆ. ಗಂಗಮ್ಮ ಒಂದು ತಂಬಿಟ್ಟು ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿಟ್ಟು ಹಿಂದೆ ಸರಿದರು. ಕಾಗೆ ಪೋಲಿಯೋ ಡಬ್ಬಿಯಿಂದ ಕುಪ್ಪಳಿಸಿ ಇಳಿಯಿತು, ಕತ್ತು ವಾರೆ ಮಾಡಿ ನೋಡಿತು, ಅನ್ನ ವಡೆಗಳನ್ನೆಲ್ಲ ದಾಟಿ ತಂಬಿಟ್ಟಿಗೆ ಕೊಕ್ಕು ಹಾಕಿತು. ನೆಂಟರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಗಂಗಮ್ಮ ಆಗ ಅತ್ತರು. ಕಾಗೆ, ಆತ್ಮ ಇವುಗಳಲ್ಲಿ ನನಗೆ ಅಂಥ ನಂಬಿಕೆ ಇಲ್ಲ. ಆದರೂ ನನ್ನ ಕಣ್ಣಲ್ಲಿ ನೀರು ಬಂತು, ಕಮಿಷನರು ನೋಡುತ್ತಿದ್ದಾರೆ ಎಂಬುದು ನೆನಪಾಗಲಿಲ್ಲ.

ಕಮಿಷನರು ಯಾವಾಗಲೋ ಶೂ ಬಿಚ್ಚಿದ್ದರು. ಕೈ ಮುಗಿದು ಜೀಪಿನ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಜೀಪು ಹತ್ತಿ ಕೂತು ಮೆಲ್ಲಗೆ ಕೇಳಿದರು: "ಆ ಡಬ್ಬಿಯಲ್ಲಿ ಐಸ್ ಎಷ್ಟು ಹೊತ್ತು ಇರುತ್ತೆ?"

"ನಾಳೆ ಬೆಳಿಗ್ಗೆವರೆಗೆ ಇರುತ್ತೆ ಸಾರ್."

"ಹಾಗಾದ್ರೆ ನಾಳೆ ಬೆಳಿಗ್ಗೆ ಮುಚ್ಚಳ ತೆಗೀರಿ. ಇವತ್ತು ಬೇಡ."

ಲೈಸೆನ್ಸಿಗೆ ಆ ವಾರವೇ ಸಹಿ ಬಿತ್ತು. ಮರುದಿನ ನೆಂಟರಿಗೆ ಮಟನ್ ಸಾರು ಆಯಿತಂತೆ. ಕಮಿಷನರು ಮೊಟ್ಟೆಯ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಆ ಇಬ್ಬರು ಮಕ್ಕಳನ್ನೂ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹನಿ ಹಾಕಿಸಿದೆ.

ಆವತ್ತು ಹೊರಡುವಾಗ ಗಂಗಮ್ಮನನ್ನು ಒಂದು ಮಾತು ಕೇಳಿದೆ. ಅಷ್ಟು ಇಷ್ಟವಿದ್ದರೆ ನನ್ನೆದುರು ಒಮ್ಮೆಯೂ ಯಾಕೆ ತಿನ್ನಲಿಲ್ಲ, ಟವೆಲಿನಲ್ಲಿ ಯಾಕೆ ಗಂಟು ಹಾಕಿಕೊಳ್ಳುತ್ತಿದ್ದ ಎಂದು.

"ನೀವು ಉಪಾಸ ಅಲ್ವಾ ಸಾರ್. ಉಪಾಸ ಇರೋರ ಎದ್ರಿಗೆ ತಿನ್ಬಾರ್ದು ಅಂತಿದ್ರು. ಅಂಗ್ಡಿ ಮುಚ್ತಿದ್ದಿದ್ದೂ ಅಷ್ಟೇ. ಬೆಳಿಗ್ಗೆನೇ ಸ್ನಾನ ಮಾಡಿ, ಒಗ್ದಿರೋ ಅಂಗಿ ಹಾಕ್ಕಂಡು ಕಟ್ಟೆ ಮೇಲೆ ಕೂತ್ಕಂಬಿಡೋರು. ಬೀಗಕ್ಕೆ ಹೆದ್ರಿ ಅಲ್ಲ ಸಾರ್. ನಿಮ್ ದಾರಿ ನೋಡ್ತಾ."

ವರ್ಷಗಟ್ಟಲೆ ಮೀಟಿಂಗಿನಲ್ಲಿ ನಾನು ಹೊಡೆದುಕೊಂಡ ಜಂಭ ಅಲ್ಲಿಗೆ ಇಳಿಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಹೇಳುವುದು ಇಷ್ಟೇ, ಎದುರಿಗಿರುವವರು ಮಾತು ಮುಗಿಸುವವರೆಗೆ ಸುಮ್ಮನಿರಿ. ಆದೇಶ ಆಮೇಲೆ ಓದಿ ಹೇಳಬಹುದು.

ಮುಂದಿನ ಶಿವರಾತ್ರಿಗೆ ಬೀಗದ ಚೀಲ ಹಿಡಿದು ಅದೇ ಸಾಲಿಗೆ ಹೋದೆ. ಸೆಲ್ವರಾಜ ಎಂದಿನಂತೆ ಅರ್ಧ ಬಾಗಿಲು ತೆರೆದಿದ್ದ, ಬೈದೆ. ದುರ್ಗಪ್ಪನ ಅಂಗಡಿ ಮುಚ್ಚಿತ್ತು. ದಿಮ್ಮಿ, ಕೊಕ್ಕೆ ತೊಳೆದು ಬೋರಲು ಹಾಕಿತ್ತು. ಕಟ್ಟೆಯ ಮೇಲೆ ಗಂಗಮ್ಮ ಒಗೆದ ಸೀರೆ ಉಟ್ಟು ಕೂತಿದ್ದರು. ನನಗೆ ಜಾಗ ಬಿಟ್ಟರು. ಒಂದು ತಂಬಿಟ್ಟು ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು, ಸೆರಗಿನ ತುದಿ ಬಿಡಿಸಿ ಗಂಟು ಹಾಕಲು ಹೊರಟರು.

"ತಾಳಿ" ಎಂದೆ. ಡಬ್ಬಿಯಿಂದ ಇನ್ನೊಂದು ತಂಬಿಟ್ಟು ತೆಗೆದು, ನಟ್ಟ ನಡುಹಗಲಿನಲ್ಲಿ, ಪೇಟೆಯವರೆಲ್ಲ ನೋಡುತ್ತಿರುವಾಗ, ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ ಕಚ್ಚಿದೆ. ಅಪ್ಪ ಲಿಂಗ ಕಟ್ಟಿಸಿದಂದಿನಿಂದ ಶಿವರಾತ್ರಿಯ ಉಪವಾಸ ಮುರಿದದ್ದು ಅದೇ ಮೊದಲು.

ಗಂಗಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಿಟ್ಟು ತಾವೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ಹೇಳಿದರು:

"ಬೆಲ್ಲ ಒಂಚೂರು ಕಮ್ಮಿ ಆಗೈತೆ ಸಾರ್. ಅಮ್ಮೋರಿಗೆ ಹೇಳಿ."

ಸಂಜೆ ಮನೆಗೆ ಬಂದು ಸುಶೀಲಳಿಗೆ ಹೇಳಿದೆ. ಉಪವಾಸ ಮುರಿದದ್ದನ್ನೂ ಹೇಳಿದೆ. ಅವಳು ಮುಂದಿನ ವರ್ಷ ಬೆಲ್ಲ ಹೆಚ್ಚು ಹಾಕಿದಳು.